ಫೀನೆಹಾಸನಿಗೆ ಕೊಟ್ಟ ಮಾತು, ಏಲಿಯಿಂದ ಹಿಂತೆಗೆದ ಮಾತು: ಯಾಜಕತ್ವದ ಒಡಂಬಡಿಕೆ ಶಾಶ್ವತವೇ, ಷರತ್ತಿನದೇ?

ಧಾರವಾಡದ ಓದುಗ

ಎಲ್ಲರಿಗೂ ವಂದನೆಗಳು. ನಮ್ಮ ಸಭೆಯ ಬುಧವಾರ ಸಂಜೆಯ ಸತ್ಯವೇದ ಅಧ್ಯಯನದಲ್ಲಿ ಕೆಲವೇ ವಾರಗಳ ಅಂತರದಲ್ಲಿ ಎರಡು ಭಾಗಗಳನ್ನು ಓದಿದೆವು. ಅವೆರಡನ್ನೂ ಅಕ್ಕಪಕ್ಕ ಇಟ್ಟುಕೊಂಡಾಗಿನಿಂದ ನನಗೆ ಸಮಾಧಾನವಿಲ್ಲ. ಬಲ್ಲವರ ಮುಂದೆ ಇಡುತ್ತಿದ್ದೇನೆ.

ಮೊದಲನೆಯದು ಅರಣ್ಯಕಾಂಡದ 25ನೆಯ ಅಧ್ಯಾಯ. ಇಸ್ರಾಯೇಲ್ಯರು ಶಿಟ್ಟೀಮಿನಲ್ಲಿ ಇಳಿದುಕೊಂಡಿದ್ದಾಗ ಪೆಗೋರದ ಬಾಳನಿಗೆ ಅಡ್ಡಬಿದ್ದರು. ವ್ಯಾಧಿ ತಗಲಿ 24,000 ಮಂದಿ ಸತ್ತರು. ಜನರು ದೇವದರ್ಶನದ ಗುಡಾರದ ಬಾಗಿಲಲ್ಲಿ ಅಳುತ್ತಾ ನಿಂತಿರುವಾಗಲೇ ಸಿಮೆಯೋನ್ ಕುಲದ ಮುಖಂಡ ಜಿಮ್ರಿಯು ಮಿದ್ಯಾನಿನ ಕೊಜ್ಬೀ ಎಂಬವಳನ್ನು ಎಲ್ಲರ ಕಣ್ಣೆದುರಿಗೇ ಕರೆತಂದನು. ಆರೋನನ ಮೊಮ್ಮಗ ಫೀನೆಹಾಸನು ಈಟಿ ಹಿಡಿದು ಹಿಂದೆಯೇ ಹೋಗಿ ಇಬ್ಬರನ್ನೂ ತಿವಿದನು, ವ್ಯಾಧಿ ನಿಂತಿತು. ಆಗ ದೇವರು ಅವನಿಗೆ ತನ್ನ ಸಮಾಧಾನದ ಒಡಂಬಡಿಕೆಯನ್ನೂ, ಅವನಿಗೂ ಅವನ ತರುವಾಯ ಅವನ ಸಂತತಿಗೂ ಶಾಶ್ವತ ಯಾಜಕತ್ವದ ಒಡಂಬಡಿಕೆಯನ್ನೂ ಕೊಟ್ಟನು. ಇಲ್ಲಿ ನಾನು ಗಮನಿಸಿದ್ದೇನೆಂದರೆ, ಮಾತಿಗೆ ಕಾರಣ ಹೇಳಲಾಗಿದೆ, ಆದರೆ ಷರತ್ತು ಹೇಳಲಾಗಿಲ್ಲ. ಅವನು ದೇವರಿಗಾಗಿ ಅಭಿಮಾನ ತೋರಿ ಪ್ರಾಯಶ್ಚಿತ್ತ ಮಾಡಿದ್ದರಿಂದ ಎಂದಿದೆಯೇ ಹೊರತು, ಅವನ ಮಕ್ಕಳು ಹಾಗೆಯೇ ನಡೆದರೆ ಎಂದಿಲ್ಲ.

ಎರಡನೆಯದು 1 ಸಮುವೇಲದ 2ನೆಯ ಅಧ್ಯಾಯ. ಶೀಲೋವಿನಲ್ಲಿ ಏಲಿ ಯಾಜಕ. ಅವನ ಮಕ್ಕಳು ಹೊಫ್ನಿ ಮತ್ತು ಫೀನೆಹಾಸ. ಯಾಜಕನ ಆಳು ಮೂರು ಮುಳ್ಳಿನ ಕೊಂಡಿಯನ್ನು ಕುದಿಯುವ ಪಾತ್ರೆಗೆ ಚುಚ್ಚಿ, ಬಂದದ್ದನ್ನೆಲ್ಲ ಎತ್ತಿಕೊಳ್ಳುತ್ತಿದ್ದನು. ಅಷ್ಟು ಸಾಲದೆ, ಕೊಬ್ಬನ್ನು ದೇವರಿಗೆ ಹೋಮ ಮಾಡುವ ಮೊದಲೇ ಹಸಿ ಮಾಂಸ ಬೇಕೆಂದು ಕೇಳುತ್ತಿದ್ದನು. ಕೊಡದಿದ್ದರೆ ಬಲಾತ್ಕಾರದಿಂದ ತೆಗೆದುಕೊಳ್ಳುವೆನೆಂದು ಹೆದರಿಸುತ್ತಿದ್ದನು. ಆಮೇಲೆ ಹೆಸರಿಲ್ಲದ ಒಬ್ಬ ದೇವರ ಮನುಷ್ಯನು ಬಂದು ಹೇಳಿದ ಮಾತು 30ನೆಯ ವಚನದಲ್ಲಿದೆ: ನಿನ್ನ ಮನೆಯೂ ನಿನ್ನ ತಂದೆಯ ಮನೆಯೂ ನನ್ನ ಮುಂದೆ ಸದಾಕಾಲ ನಡೆಯುವುದೆಂದು ನಾನು ಹೇಳಿದ್ದು ನಿಜ, ಈಗಲಾದರೋ ಅದು ನನಗೆ ದೂರವಾಗಿರಲಿ, ನನ್ನನ್ನು ಸನ್ಮಾನಿಸುವವರನ್ನು ನಾನು ಸನ್ಮಾನಿಸುವೆನು.

ಎರಡೂ ಕಡೆ ಹೀಬ್ರೂ ಮೂಲದಲ್ಲಿರುವುದು ಓಲಾಮ್ ಎಂಬ ಒಂದೇ ಶಬ್ದವೆಂದು ತಿಳಿಯಿತು. ಒಂದು ಕಡೆ ಅದು ಮುರಿಯದ ಮಾತು. ಇನ್ನೊಂದು ಕಡೆ ಅದನ್ನೇ ಆಡಿದವನು, ಆಡಿದ್ದೇನೆಂದು ಒಪ್ಪಿಕೊಂಡು, ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಏಲಿಯ ದುಷ್ಟ ಮಗನಿಗೂ ಫೀನೆಹಾಸನೆಂದೇ ಹೆಸರಿರುವುದು ನನ್ನನ್ನು ಇನ್ನಷ್ಟು ಕಾಡುತ್ತದೆ. ಮೊದಲ ಫೀನೆಹಾಸನು ಗುಡಾರದ ಬಾಗಿಲಲ್ಲಿ ಅಳುವವರ ಪರವಾಗಿ ವ್ಯಭಿಚಾರವನ್ನು ತಡೆದನು. ಎರಡನೆಯವನು ಅದೇ ಗುಡಾರದ ಬಾಗಿಲಲ್ಲಿ ಸೇವೆ ಮಾಡುವ ಸ್ತ್ರೀಯರೊಡನೆ ಮಲಗುತ್ತಿದ್ದನೆಂದು 22ನೆಯ ವಚನ ಹೇಳುತ್ತದೆ.

ಇದನ್ನು ಕೇಳಲು ಸ್ವಂತ ಕಾರಣವೂ ಇದೆ. ನನ್ನ ಮಗಳಿಗೆ ದೀಕ್ಷಾಸ್ನಾನ ಕೊಟ್ಟ ಅಯ್ಯನವರನ್ನು ಹಣದ ವ್ಯವಹಾರದಲ್ಲಿ ತಪ್ಪಿದ್ದಕ್ಕಾಗಿ ಎರಡು ವರ್ಷಗಳ ತರುವಾಯ ಸೇವೆಯಿಂದ ಇಳಿಸಿದರು. ಅಂದಿನಿಂದ ನನ್ನ ತಾಯಿಯವರು ಮಗುವಿಗೆ ಮತ್ತೊಮ್ಮೆ ಸ್ನಾನ ಮಾಡಿಸಬೇಕೇ ಎಂದು ಕೇಳುತ್ತಲೇ ಇದ್ದಾರೆ. ನಾನು ಬೇಡವೆಂದಿದ್ದೇನೆ, ಆದರೆ ಏಕೆ ಬೇಡವೆಂದು ಸತ್ಯವೇದದಿಂದ ತೋರಿಸಲು ನನಗೆ ಆಗಲಿಲ್ಲ.

ಹೀಬ್ರೂ ಕಲಿಯುವವ

ಮೊದಲು ಶಬ್ದದ ವಿಚಾರ. ಓಲಾಮ್ ಎಂಬುದಕ್ಕೆ ನಮ್ಮ ಅನುವಾದಗಳಲ್ಲಿ ನಿತ್ಯ, ಶಾಶ್ವತ, ಸದಾಕಾಲ ಎಂಬ ಮಾತುಗಳಿವೆ; ಅವುಗಳನ್ನು ಕೇಳಿದೊಡನೆ ಕೊನೆಯೇ ಇಲ್ಲದ ಕಾಲವನ್ನು ನಾವು ಕಲ್ಪಿಸಿಕೊಳ್ಳುತ್ತೇವೆ. ಆದರೆ ಕಣ್ಣಿಗೆ ಕೊನೆ ಕಾಣಿಸದಷ್ಟು ದೂರದ ಕಾಲ ಎಂಬುದು ಅದರ ಭಾವ. ವಿಮೋಚನಕಾಂಡ 21:6ರಲ್ಲಿ ಕಿವಿ ಚುಚ್ಚಿಸಿಕೊಂಡ ದಾಸನು ಯಜಮಾನನಿಗೆ ಓಲಾಮ್‌ವರೆಗೆ ಸೇವೆ ಮಾಡಬೇಕು, ಅಂದರೆ ಬದುಕಿರುವ ತನಕ. ಏಲಿಯ ಕಥೆಗೆ ಒಂದೇ ಪುಟ ಹಿಂದೆ, ಹನ್ನಳು ಮಗ ಸಮುವೇಲನು ಶೀಲೋವಿನಲ್ಲಿ ಓಲಾಮ್‌ವರೆಗೆ ಇರಲಿ ಎನ್ನುತ್ತಾಳೆ. ಅದೇ ಅಧ್ಯಾಯದ ಕೊನೆಯಲ್ಲಿ ಅವನು ಜೀವಿಸುವ ದಿನಗಳೆಲ್ಲ ಎಂದು ಅವಳೇ ಬಿಡಿಸಿ ಹೇಳುತ್ತಾಳೆ. ಆದ್ದರಿಂದ ಬರೀ ಶಬ್ದದ ಮೇಲೆ ವಾದವನ್ನು ಕಟ್ಟಿದರೆ ನಿಲ್ಲುವುದಿಲ್ಲ.

ಒಡಂಬಡಿಕೆಯ ಬಗೆಯನ್ನು ನೋಡುವುದು ಹೆಚ್ಚು ಉಪಯುಕ್ತ. ಪ್ರಾಚೀನ ಪಶ್ಚಿಮ ಏಷ್ಯಾದಲ್ಲಿ ಎರಡು ಬಗೆಯ ಲೇಖಗಳಿದ್ದವೆಂದು 1970ರಲ್ಲಿ ಮೋಶೆ ವೈನ್‌ಫೆಲ್ಡ್ ತೋರಿಸಿದರು. ಒಂದು, ಸಾಮಂತನ ಮೇಲೆ ಕರಾರು ಹೊರಿಸುವ ಸಂಧಿಪತ್ರ. ಇನ್ನೊಂದು, ನಿಷ್ಠೆಯಿಂದ ನಡೆದ ಸೇವಕನಿಗೆ ಅರಸನು ತಾನೇ ಕಟ್ಟುಬಿದ್ದು ಬರೆದುಕೊಡುವ ದಾನಪತ್ರ. ಸಂಧಿಯಲ್ಲಿ ಶಾಪವು ತಪ್ಪಿದ ಸಾಮಂತನ ಮೇಲೆ ಬರುತ್ತದೆ. ದಾನದಲ್ಲಿ ಅದನ್ನು ಕಿತ್ತುಕೊಳ್ಳುವವನ ಮೇಲೆ ಬರುತ್ತದೆ. ಇದು ನಮಗೆ ಅಪರಿಚಿತವೇನಲ್ಲ. ನಮ್ಮ ಕಲ್ಲಿನ ಶಾಸನಗಳಲ್ಲಿ ಆಚಂದ್ರಾರ್ಕ ಎಂದು ಬರೆದು, ಕೊಟ್ಟದ್ದನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶ್ಲೋಕದಿಂದ ಮುಗಿಸುವುದನ್ನು ಎಲ್ಲರೂ ಕಂಡಿದ್ದೇವೆ. ಕೀರ್ತನೆ 89 ದಾವೀದನ ಸಿಂಹಾಸನದ ವಿಷಯದಲ್ಲಿ ಸೂರ್ಯಚಂದ್ರರನ್ನೇ ಸಾಕ್ಷಿ ಕರೆಯುತ್ತದೆ; ಯೆರೆಮೀಯ 33 ದಾವೀದನ ಮನೆಯನ್ನೂ ಲೇವಿಯರಾದ ಯಾಜಕರನ್ನೂ ಒಟ್ಟಿಗೆ ಸೇರಿಸಿ, ಹಗಲಿರುಳುಗಳ ಒಡಂಬಡಿಕೆಯನ್ನು ನೀವು ಮುರಿಯಬಲ್ಲಿರಾದರೆ ಇದೂ ಮುರಿದೀತು ಎನ್ನುತ್ತದೆ. ಈ ಯೆರೆಮೀಯನ ಭಾಗ, ಅಂದರೆ 33:14ರಿಂದ 26ರವರೆಗೆ, ಹಳೆಯ ಗ್ರೀಕ್ ಅನುವಾದದಲ್ಲಿ ಇಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು.

ಹಿತ್ತೀಯ ಅರಸನು ತನ್ನ ಅಧೀನದ ತರ್ಹುಂತಶ್ಶದ ಅರಸನಿಗೆ ಬರೆದುಕೊಟ್ಟ ಪತ್ರವೊಂದು ನಮ್ಮ ಪ್ರಶ್ನೆಗೆ ತೀರಾ ಹತ್ತಿರದ್ದು. ನಿನ್ನ ವಂಶದವನೊಬ್ಬನು ಅಪರಾಧ ಮಾಡಿದರೆ ಅವನನ್ನು ವಿಚಾರಿಸಲಿ, ಬೇಕಾದರೆ ಅವನಿಗೆ ಮರಣದಂಡನೆಯೇ ಆಗಲಿ. ಆದರೆ ಮನೆಯನ್ನೂ ನಾಡನ್ನೂ ನಿನ್ನ ಸಂತತಿಯಿಂದ ತೆಗೆದು ಬೇರೆಯವರಿಗೆ ಕೊಡಬಾರದು ಎಂಬುದು ಅದರ ಆಶಯ. ವ್ಯಕ್ತಿಗೆ ದಂಡನೆ, ಮನೆತನಕ್ಕೆ ಸ್ಥಿರತೆ. 2 ಸಮುವೇಲ 7ರಲ್ಲಿ ದಾವೀದನ ಮಗನಿಗೆ ಮನುಷ್ಯರ ಕೋಲಿನಿಂದ ಶಿಕ್ಷೆ, ಆದರೆ ಕೃಪೆ ತಪ್ಪದು ಎಂದಿರುವುದೂ ಇದೇ ಜಾಡು. ಆದರೂ ಈ ಎರಡು ಬಗೆಗಳ ನಡುವಿನ ಗೆರೆ ಅಷ್ಟು ನೇರವಲ್ಲವೆಂದೂ, ದಾನಪತ್ರಗಳ ಹಿಂದೆಯೂ ನಿಷ್ಠೆಯ ನಿರೀಕ್ಷೆ ಇದ್ದೇ ಇತ್ತೆಂದೂ ಬಳಿಕದ ವಿದ್ವಾಂಸರು ತೋರಿಸಿದ್ದಾರೆ. ಕೀರ್ತನೆ 132:12ರಲ್ಲಿ ದಾವೀದನ ಮಾತಿಗೇ ಷರತ್ತು ಸೇರಿಕೊಂಡಿರುವುದನ್ನು ನೋಡಿ.

ಒಂದು ತಿದ್ದುಪಡಿ: ಗುಡಾರದ ಬಾಗಿಲ ಸ್ತ್ರೀಯರ ಕುರಿತ ಆ ಮಾತು ಮೃತ ಸಮುದ್ರದ ಗವಿಗಳಲ್ಲಿ ಸಿಕ್ಕ ಸಮುವೇಲನ ಸುರುಳಿಯೊಂದರಲ್ಲಿಯೂ ಹಳೆಯ ಗ್ರೀಕ್ ಪ್ರತಿಯಲ್ಲಿಯೂ ಇಲ್ಲ. ಯಾರೋ ನಿಮ್ಮಂತೆಯೇ ಇಬ್ಬರು ಫೀನೆಹಾಸರನ್ನು ಹೋಲಿಸಿ ನೋಡಿ ಸೇರಿಸಿದ್ದರೂ ಇರಬಹುದು. ಇದು ನನ್ನ ಊಹೆ ಮಾತ್ರ.

ಬಳ್ಳಾರಿಯ ಶಿಕ್ಷಕಿ

ಸಹೋದರರೇ, ನೀವಿಬ್ಬರೂ ಮನೆತನ ಉಳಿಯಿತೇ ಇಲ್ಲವೇ ಎಂದು ನೋಡುತ್ತಿದ್ದೀರಿ. ಪ್ರವಾದಿಗಳು ಹಾಗೆ ನೋಡಲಿಲ್ಲ. ಹೋಶೇಯ 4:6ರಲ್ಲಿ ದೇವರು ಯಾಜಕನಿಗೆ ನೇರವಾಗಿ, ನೀನು ಜ್ಞಾನವನ್ನು ತಳ್ಳಿದ್ದರಿಂದ ನೀನು ನನಗೆ ಯಾಜಕನಾಗದಂತೆ ನಿನ್ನನ್ನು ತಳ್ಳುವೆನು, ನೀನು ನಿನ್ನ ದೇವರ ಧರ್ಮೋಪದೇಶವನ್ನು ಮರೆತದ್ದರಿಂದ ನಾನೂ ನಿನ್ನ ಮಕ್ಕಳನ್ನು ಮರೆಯುವೆನು ಎನ್ನುತ್ತಾನೆ. ಇಲ್ಲಿ ಮಕ್ಕಳೂ ಸೇರಿದ್ದಾರೆ! ಇಸ್ರಾಯೇಲೆಲ್ಲವನ್ನೂ ಯಾಜಕರಾಜ್ಯವೆಂದು ಕರೆದ ವಿಮೋಚನಕಾಂಡ 19ರಲ್ಲಿಯೂ, ನೀವು ನನ್ನ ಮಾತನ್ನು ಕೇಳಿ ನನ್ನ ಒಡಂಬಡಿಕೆಯನ್ನು ಕೈಕೊಂಡರೆ ಎಂಬ ಮಾತು ಮೊದಲು ಬಂದು, ಪದವಿ ಆಮೇಲೆ ಬರುತ್ತದೆ.

ನೆಹೆಮೀಯನ ಕಾಲಕ್ಕೆ ಬನ್ನಿ. ಮಹಾಯಾಜಕ ಎಲ್ಯಾಷೀಬನ ವಂಶದವನೊಬ್ಬನು ನೆಹೆಮೀಯನ ವಿರೋಧಿಯಾದ ಸನ್ಬಲ್ಲಟನಿಗೆ ಅಳಿಯನಾಗಿದ್ದನು. ನೆಹೆಮೀಯನು ಅವನನ್ನು ತನ್ನೆದುರಿನಿಂದ ಓಡಿಸಿಬಿಟ್ಟನು. ಇವರು ಯಾಜಕತ್ವವನ್ನೂ ಯಾಜಕತ್ವದ ಒಡಂಬಡಿಕೆಯನ್ನೂ ಹೊಲೆಮಾಡಿದ್ದಾರೆ ಎಂಬುದು ಅವನ ಪ್ರಾರ್ಥನೆ. ಹುಟ್ಟಿನಿಂದ ಬಂದ ಪದವಿ ನಡತೆಯಿಂದ ಹೊಲೆಯಾಗಬಲ್ಲುದಾದರೆ ಅದು ನಡತೆಗೆ ಕಟ್ಟಿದ್ದೆಂದೇ ಅರ್ಥವಲ್ಲವೇ?

ನಾನು ಇಷ್ಟು ಒತ್ತಿ ಹೇಳುವುದಕ್ಕೂ ಕಾರಣವಿದೆ. ದೇವರ ಅಭಿಷಿಕ್ತನನ್ನು ಮುಟ್ಟಬೇಡಿರಿ ಎಂಬ ಮಾತನ್ನು ಮುಂದಿಟ್ಟುಕೊಂಡು ಲೆಕ್ಕ ಕೇಳಿದವರ ಬಾಯಿ ಮುಚ್ಚಿಸಿದ್ದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಮುರಿಯದ ಒಡಂಬಡಿಕೆಯ ಉಪದೇಶವು ಹೊಫ್ನಿಯಂಥವರ ಕೈಗೆ ಸಿಕ್ಕಿದರೆ ಅದೇ ಮೂರು ಮುಳ್ಳಿನ ಕೊಂಡಿಯಾಗುತ್ತದೆ.

ಧಾರವಾಡದ ಓದುಗ

ಶಿಕ್ಷಕಿ ಅಕ್ಕನವರ ಕೊನೆಯ ಮಾತು ನನಗೆ ನಾಟಿತು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕಳೆದ ನಾಲ್ಕು ದಿನ ಸಂಬಂಧಪಟ್ಟ ಭಾಗಗಳನ್ನು ಮತ್ತೆ ಓದಿದೆ. ಏಲಿಯ ಮನೆಗೆ ನಿಜವಾಗಿ ಏನಾಯಿತೆಂದು ಹೆಜ್ಜೆಹೆಜ್ಜೆಯಾಗಿ ನೋಡಬೇಕೆನ್ನಿಸಿತು.

ಹೊಫ್ನಿ, ಫೀನೆಹಾಸ ಇಬ್ಬರೂ ಒಂದೇ ದಿನ ಯುದ್ಧದಲ್ಲಿ ಸತ್ತರು. ಮಂಜೂಷ ಹೋಯಿತೆಂದು ಕೇಳಿ ಏಲಿಯು ಪೀಠದಿಂದ ಹಿಂದಕ್ಕೆ ಬಿದ್ದು ಸತ್ತನು. ಸೌಲನ ಕಾಲದಲ್ಲಿ ಎದೋಮ್ಯನಾದ ದೋಯೇಗನು ನೋಬ್ ಊರಿನಲ್ಲಿ ನಾರಿನ ಏಫೋದನ್ನು ಧರಿಸಿದ 85 ಯಾಜಕರನ್ನು ಕೊಂದನು. ತಪ್ಪಿಸಿಕೊಂಡವನು ಒಬ್ಬನೇ, ಏಲಿಯ ಮನೆತನದ ಎಬ್ಯಾತಾರ. ಅವನು ದಾವೀದನೊಡನೆ ಗುಡ್ಡಗವಿಗಳಲ್ಲಿ ಅಲೆದನು, ಅವನ ರಾಜ್ಯದಲ್ಲಿ ಯಾಜಕನಾಗಿದ್ದನು, ಕೊನೆಗೆ ಸೊಲೊಮೋನನ ಬದಲು ತಾನೇ ಅರಸನಾಗಲು ಹೊರಟ ಅದೋನೀಯನ ಪಕ್ಷ ಹಿಡಿದನು. ಸೊಲೊಮೋನನು ಅವನನ್ನು ಸೇವೆಯಿಂದ ತೆಗೆದು ಚಾದೋಕನನ್ನು ಅವನ ಸ್ಥಾನದಲ್ಲಿ ನೇಮಿಸಿದನು. ಏಲಿಯ ಮನೆಯ ವಿಷಯದಲ್ಲಿ ಶೀಲೋವಿನಲ್ಲಿ ನುಡಿದ ಮಾತು ಹೀಗೆ ನೆರವೇರಿತೆಂದು 1 ಅರಸುಗಳು 2:27 ಸ್ಪಷ್ಟವಾಗಿ ಹೇಳುತ್ತದೆ.

ಆದರೆ ಅದರ ಹಿಂದಿನ ವಚನವನ್ನು ನೋಡಿ. ಅನಾತೋತಿನಲ್ಲಿರುವ ನಿನ್ನ ಹೊಲಗಳಿಗೆ ಹೋಗು ಎಂದು ಅರಸನು ಹೇಳುತ್ತಾನೆ. ಅನಾತೋತ್ ಯಾವ ಊರು? ಯೆಹೋಶುವ 21:18ರಲ್ಲಿ ಬೆನ್ಯಾಮೀನನ ಸೀಮೆಯೊಳಗೆ ಆರೋನನ ಮಕ್ಕಳಿಗೆ ಕೊಟ್ಟ ಊರು. ಮರಣಕ್ಕೆ ಪಾತ್ರನೆಂದು ತೀರ್ಪಾದ ಯಾಜಕನನ್ನು ಕಳುಹಿಸಿದ್ದು ಯಾಜಕರ ಪಾಲಿನ ಊರಿಗೇ, ಅವನ ಸ್ವಂತ ಹೊಲಕ್ಕೇ. ವೇದಿ ಹೋಯಿತು, ಹೊಲ ಉಳಿಯಿತು. 1 ಪೂರ್ವಕಾಲವೃತ್ತಾಂತ 24ರಲ್ಲಿ ಯಾಜಕರ ವರ್ಗಗಳನ್ನು ಆರೋನನ ಇಬ್ಬರು ಮಕ್ಕಳ ವಂಶಗಳಿಗೆ ಹಂಚುವಾಗಲೂ ಎಲ್ಲಾಜಾರನ ಕಡೆಯಿಂದ 16, ಏಲಿಯ ಮನೆತನ ಸೇರಿದ್ದ ಈತಾಮಾರನ ಕಡೆಯಿಂದ 8, ಒಟ್ಟು 24 ವರ್ಗಗಳು. ಕಡಿಮೆಯಾದರು, ಆದರೆ ಅಳಿಸಿಹೋಗಲಿಲ್ಲ.

ಇದೇ ರೀತಿ ಬೇರೆಡೆಯೂ ಇದೆಯೇ ಎಂದು ಹುಡುಕಿದಾಗ ಯಾಜಕಕಾಂಡ 21 ಸಿಕ್ಕಿತು. ಆರೋನನ ಸಂತತಿಯಲ್ಲಿ ಅಂಗದೋಷವುಳ್ಳವನು ಯಜ್ಞವೇದಿಯ ಹತ್ತಿರ ಬರಬಾರದು, ಆದರೆ ಮಹಾಪರಿಶುದ್ಧವಾದವುಗಳನ್ನೂ ಪರಿಶುದ್ಧವಾದವುಗಳನ್ನೂ ಊಟಮಾಡಬಹುದು. ಇದು ಪಾಪದ ಮಾತಲ್ಲ, ಶರೀರದ ಮಾತು. ಆದರೆ ಯೆಹೂದದ ಅರಸ ಯೋಷೀಯನು ಕ್ರಿ.ಪೂ. 622ರ ಸುಮಾರಿಗೆ ಪೂಜಾಸ್ಥಳಗಳನ್ನು ಕೆಡವಿದಾಗ ಅಲ್ಲಿ ಧೂಪ ಹಾಕುತ್ತಿದ್ದ ಯಾಜಕರನ್ನು ಏನು ಮಾಡಿದನೆಂದು 2 ಅರಸುಗಳು 23:9ರಲ್ಲಿ ಓದಿ: ಅವರು ಯೆರೂಸಲೇಮಿನ ಯಜ್ಞವೇದಿಗೆ ಏರಲಿಲ್ಲ, ಆದರೆ ತಮ್ಮ ಸಹೋದರರ ನಡುವೆ ಹುಳಿಯಿಲ್ಲದ ರೊಟ್ಟಿಯನ್ನು ತಿಂದರು. ಯೆಹೆಜ್ಕೇಲ 44ರಲ್ಲಿ ವಿಗ್ರಹಗಳ ಹಿಂದೆ ಹೋದ ಲೇವಿಯರು ಸಮೀಪಕ್ಕೆ ಬರಬಾರದು, ಆದರೆ ಬಾಗಿಲು ಕಾಯಬಹುದು.

ಹೀಗಾಗಿ ನನ್ನ ಅಭಿಪ್ರಾಯ ಈಗ ಒಂದು ಕಡೆ ನಿಂತಿದೆ. ಯಾಜಕತ್ವವನ್ನು ಒಂದೇ ವಸ್ತುವೆಂದು ಹಿಡಿದು ಅದು ಶಾಶ್ವತವೋ ಷರತ್ತಿನದೋ ಎಂದು ಕೇಳಿದ್ದೇ ನನ್ನ ತಪ್ಪು. ಅರ್ಪಿಸುವುದು ಬೇರೆ, ಉಣ್ಣುವುದು ಬೇರೆ. ವೇದಿಯ ಹತ್ತಿರ ನಿಲ್ಲುವ ಸೇವೆ ನಡತೆಗೆ ಕಟ್ಟಿದ್ದು, ಅದನ್ನು ದೇವರು ಯಾವ ಕ್ಷಣದಲ್ಲಾದರೂ ಕಸಿದುಕೊಳ್ಳಬಲ್ಲನು. ಪಂಕ್ತಿಯಲ್ಲಿನ ಪಾಲು ಮನೆತನಕ್ಕೆ ಕೊಟ್ಟ ಮಾತು. ಅರಣ್ಯಕಾಂಡ 18:19 ಅದನ್ನೇ ಉಪ್ಪಿನ ಒಡಂಬಡಿಕೆ ಎಂದು ಕರೆಯುವುದು, ಮತ್ತು ಕರೆಯುವಾಗ ಮಾತಾಡುತ್ತಿರುವುದು ಯಾಜಕರ ಊಟದ ಬಗ್ಗೆಯೇ ಎಂಬುದನ್ನು ಗಮನಿಸಬೇಕು.

ಮಂಗಳೂರಿನ ಧರ್ಮಶಿಕ್ಷಕ

ನಾನು ಕಥೊಲಿಕನು, ನಿಮ್ಮ ತಾಯಿಯವರ ಪ್ರಶ್ನೆಗೆ ಉತ್ತರಿಸಲು ಇಷ್ಟಪಡುತ್ತೇನೆ, ಏಕೆಂದರೆ ಆ ಪ್ರಶ್ನೆಯನ್ನು ಒಂದು ಇಡೀ ಪ್ರಾಂತ ನೂರು ವರ್ಷ ಕೇಳಿದೆ. ಡಯೊಕ್ಲೇಶಿಯನ್ ಚಕ್ರವರ್ತಿಯ ಹಿಂಸೆ 303ರಲ್ಲಿ ಆರಂಭವಾದಾಗ ಉತ್ತರ ಆಫ್ರಿಕದ ಕೆಲವು ಧರ್ಮಾಧ್ಯಕ್ಷರು ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದರು. ಕಾರ್ಥೇಜಿನ ಸಿಸಿಲಿಯಾನನ ಅಭಿಷೇಕದಲ್ಲಿ ಕೈಯಿಟ್ಟ ಅಪ್ಟುಂಗದ ಫೆಲಿಕ್ಸನು ಅಂಥವನೆಂಬ ಆರೋಪ ಬಂದಿತು. ಆದ್ದರಿಂದ ಸಿಸಿಲಿಯಾನನ ಅಭಿಷೇಕವೂ, ಅವನು ಕೊಟ್ಟ ಸಂಸ್ಕಾರಗಳೂ ಬರಿದು ಎಂದು ಡೊನಾಟಿಸ್ಟರು ಬೇರೆಯಾದರು. 314ರಲ್ಲಿ ಆರ್ಲ್ಸ್ ಸಭೆ ಅದನ್ನು ತಳ್ಳಿಹಾಕಿತು. 411ರಲ್ಲಿ ಕಾರ್ಥೇಜಿನಲ್ಲಿ ಎರಡು ಪಕ್ಷದ ನೂರಾರು ಧರ್ಮಾಧ್ಯಕ್ಷರು ಎದುರುಬದುರು ಕೂತು ವಾದಿಸಿದರು. ಸಂತ ಅಗಸ್ಟೀನರ ನಿಲುವು ಹೀಗಿತ್ತು: ಪೇತ್ರನು ಸ್ನಾನ ಕೊಟ್ಟರೂ ಕೊಡುವವನು ಕ್ರಿಸ್ತನೇ, ಯೂದನು ಕೊಟ್ಟರೂ ಕೊಡುವವನು ಕ್ರಿಸ್ತನೇ. ಆದ್ದರಿಂದ ನಿಮ್ಮ ಮಗಳ ಸ್ನಾನ ಸ್ನಾನವೇ. ಇದರಲ್ಲಿ ನಿಮ್ಮ ಪರಂಪರೆಯೂ ನಮ್ಮದೂ ಬೇರೆಯಾಗುವುದಿಲ್ಲ; ಆಂಗ್ಲಿಕನ್ನರ 39 ಸೂತ್ರಗಳಲ್ಲಿ 26ನೆಯದು ಇದನ್ನೇ ಹೇಳುತ್ತದೆ, ಮತ್ತು ಅಂಥ ಸೇವಕರನ್ನು ವಿಚಾರಿಸಿ ಇಳಿಸಬೇಕೆಂದೂ ಅದೇ ಸೂತ್ರದಲ್ಲಿದೆ.

ನಮ್ಮಲ್ಲಿ ಗುರುದೀಕ್ಷೆಯು ಆತ್ಮದ ಮೇಲೆ ಅಳಿಸಲಾಗದ ಮುದ್ರೆಯನ್ನು ಒತ್ತುತ್ತದೆಂಬುದು 1547 ಮತ್ತು 1563ರಲ್ಲಿ ಟ್ರೆಂಟ್ ಮಹಾಸಭೆ ದೃಢಪಡಿಸಿದ ಬೋಧನೆ. ತಪ್ಪಿದ ಗುರುವನ್ನು ಗುರುಸ್ಥಿತಿಯಿಂದಲೇ ತೆಗೆದುಹಾಕಬಹುದು, ಬಲಿಪೂಜೆ ಅರ್ಪಿಸದಂತೆ ತಡೆಯಬಹುದು. ಮುದ್ರೆಯನ್ನು ಮಾತ್ರ ತೆಗೆಯಲಾಗದು. ಹಾಗೆ ತೆಗೆದುಹಾಕಲ್ಪಟ್ಟವನು ಕೂಡ ಸಾಯುವ ಸ್ಥಿತಿಯಲ್ಲಿರುವವನ ಪಾಪನಿವೇದನೆಯನ್ನು ಕೇಳಿ ಕ್ಷಮೆ ನೀಡಬಹುದೆಂದು 1983ರ ಧರ್ಮಸಭೆಯ ಕಾನೂನಿನ 976ನೆಯ ವಿಧಿ ಹೇಳುತ್ತದೆ.

ಇನ್ನೊಂದು ಮಾತು, ನಮ್ಮ ಸತ್ಯವೇದದಲ್ಲಿರುವ 1 ಮಕಬಿಯರ ಗ್ರಂಥದಿಂದ. ಯೆಹೂದ್ಯ ಯಾಜಕನಾದ ಮತ್ತಥೀಯನು ಫೀನೆಹಾಸನಂತೆಯೇ ವೇದಿಯ ಬಳಿ ಧರ್ಮಭ್ರಷ್ಟನನ್ನು ಕೊಂದನೆಂದೂ, ಸಾಯುವಾಗ ನಮ್ಮ ತಂದೆ ಫೀನೆಹಾಸನೆಂದು ಹೆಸರೆತ್ತಿದನೆಂದೂ ಅಲ್ಲಿದೆ. ಅವನ ಮಗ ಸಿಮೋನನನ್ನು ಕ್ರಿ.ಪೂ. 140ರಲ್ಲಿ ಜನರು ಮಹಾಯಾಜಕನನ್ನಾಗಿ ಒಪ್ಪಿಕೊಂಡ ನಿರ್ಣಯದ ಒಕ್ಕಣೆ ಹೀಗಿದೆ: ನಂಬಿಗಸ್ತನಾದ ಪ್ರವಾದಿಯೊಬ್ಬನು ಏಳುವ ತನಕ, ಸದಾಕಾಲಕ್ಕೂ. ಸದಾಕಾಲ ಎಂದವರೇ ತನಕ ಎಂದೂ ಸೇರಿಸಿದ್ದಾರೆ. ದೇವರು ಕೊಟ್ಟ ಪದವಿಗೂ ಮನುಷ್ಯರು ಕೊಟ್ಟ ಪದವಿಗೂ ಇರುವ ಅಂತರ ಅವರಿಗೆ ಗೊತ್ತಿತ್ತು.

ಕೊಳ್ಳೇಗಾಲದ ಸಭಾಸೇವಕ

ಪ್ರಿಯರೇ, ಎಲ್ಲರೂ ಆರೋನನ ಸುತ್ತಲೇ ಇದ್ದೀರಿ. ಇಬ್ರಿಯರಿಗೆ ಬರೆದ ಪತ್ರದ 7ನೆಯ ಅಧ್ಯಾಯ ಇನ್ನೂ ಬಂದಿಲ್ಲ. ಯಾಜಕತ್ವವು ಬದಲಾದರೆ ಧರ್ಮಶಾಸ್ತ್ರವೂ ಬದಲಾಗಬೇಕು ಎಂದು 12ನೆಯ ವಚನ ಹೇಳುತ್ತದೆ. ಲೇವಿಯ ಯಾಜಕರು ಆಣೆಯಿಲ್ಲದೆ ಯಾಜಕರಾದರು. ಕೀರ್ತನೆ 110:4ರಲ್ಲಿ ಮಾತ್ರ ಕರ್ತನು ಆಣೆಯಿಟ್ಟು, ಪಶ್ಚಾತ್ತಾಪಪಡದೆ, ನೀನು ಮೆಲ್ಕಿಚೆದೆಕನ ತರಹದ ಸದಾಕಾಲದ ಯಾಜಕನು ಎಂದನು; ಮೆಲ್ಕಿಚೆದೆಕನು ಲೇವಿಗಿಂತ ಮೊದಲಿನ, ಅಬ್ರಹಾಮನ ಕಾಲದ ಯಾಜಕ. ಆಣೆಯಿದ್ದಲ್ಲಿ ಹಿಂದೆಗೆತವಿಲ್ಲ.

ನಾನು ಬಹುಕಾಲ ಲೇವಿಯರು ಪಾಪ ಮಾಡಿದ್ದರಿಂದ ಅವರ ಯಾಜಕತ್ವ ಹೋಯಿತೆಂದು ಸಾರುತ್ತಿದ್ದೆ. ಈ ಚರ್ಚೆಯನ್ನು ಓದಿ ಅಧ್ಯಾಯವನ್ನು ಮತ್ತೆ ನೋಡಿದಾಗ ಪತ್ರವು ಹಾಗೆ ಹೇಳುವುದೇ ಇಲ್ಲವೆಂದು ಕಂಡಿತು. 23ನೆಯ ವಚನ ಕೊಡುವ ಕಾರಣ ಮರಣ. ಅವರು ಸಾಯುತ್ತಿದ್ದುದರಿಂದ ಅನೇಕರು ಬೇಕಾದರು. ಕ್ರಿಸ್ತನು ಸದಾಕಾಲ ಇರುವುದರಿಂದ ಒಬ್ಬನೇ ಸಾಕು. ಎಷ್ಟು ನೀತಿವಂತನಾದ ಆರೋನನೂ ಸಮಾಧಿಯನ್ನು ದಾಟಿ ಸೇವೆ ಮಾಡಲಾರನು. ಹಾಗಾದರೆ ನೀತಿಯೋ ವಂಶವೋ ಎಂಬ ನಮ್ಮ ಪ್ರಶ್ನೆಗಿಂತ ಆಳದ ಕೊರತೆಯನ್ನು ಆ ಪತ್ರ ತೋರಿಸುತ್ತಿದೆ. ಇನ್ನು ಮೇಲೆ ನಾನು ಅದನ್ನು ಬೇರೆ ರೀತಿಯಲ್ಲಿ ಸಾರಬೇಕಾಗಿದೆ.

ಹೀಬ್ರೂ ಕಲಿಯುವವ

ಸೇವಕರ ಮಾತು ನ್ಯಾಯವಾದದ್ದು. ಯೆಹೂದ್ಯರು ಮಾತ್ರ ಆರೋನನ ಯಾಜಕತ್ವ ಮುಗಿಯಿತೆಂದು ಎಂದೂ ಒಪ್ಪಲಿಲ್ಲವೆಂಬುದನ್ನು ಇದರೊಡನೆ ಇಡಬೇಕು. 70ರಲ್ಲಿ ದೇವಾಲಯ ಬಿದ್ದಿತು. ಆರೋನನಿಂದ ಅಲ್ಲಿಯವರೆಗೆ 83 ಮಹಾಯಾಜಕರು, ಅವರಲ್ಲಿ ಹೆರೋದನ ಕಾಲದಿಂದೀಚೆಗೇ 28 ಮಂದಿ ಎಂದು ಆ ಕಾಲದ ಯೆಹೂದ್ಯ ಇತಿಹಾಸಕಾರ ಜೋಸೆಫಸನು ಲೆಕ್ಕ ಕೊಡುತ್ತಾನೆ. ಕೊನೆಗಾಲದಲ್ಲಿ ಅರಸರೂ ರೋಮಿನ ಅಧಿಕಾರಿಗಳೂ ಆ ಪದವಿಯನ್ನು ಹೇಗೆ ಬೇಕೋ ಹಾಗೆ ಕೊಟ್ಟು ಕಿತ್ತುಕೊಳ್ಳುತ್ತಿದ್ದರು. ಆದರೂ ಇಂದಿಗೂ ಸಭಾಮಂದಿರದಲ್ಲಿ ತೋರಾ, ಅಂದರೆ ಮೋಶೆಯ ಐದು ಗ್ರಂಥಗಳನ್ನು, ಓದಲು ಮೊದಲು ಕರೆಯುವುದು ಆರೋನನ ವಂಶದವನಾದ ಕೊಹೇನನನ್ನು, ಆಶೀರ್ವಾದಕ್ಕೆ ಕೈಯೆತ್ತುವವನೂ ಅವನೇ.

ನಡತೆ ಕೆಟ್ಟ ಕೊಹೇನನು ಆಶೀರ್ವದಿಸಬಹುದೇ ಎಂಬ ಪ್ರಶ್ನೆಗೆ 12ನೆಯ ಶತಮಾನದ ಯೆಹೂದ್ಯ ಪಂಡಿತ ಮೈಮೊನಿಡೀಸ್ ಕೊಟ್ಟ ಉತ್ತರ ಅಗಸ್ಟೀನರದಕ್ಕೆ ಹತ್ತಿರವಿದೆ. ಕೊಲೆ ಮಾಡಿದವನೂ ವಿಗ್ರಹಾರಾಧನೆ ಮಾಡಿದವನೂ ಕೈಯೆತ್ತಬಾರದು. ಆದರೆ ಆಜ್ಞೆಗಳಲ್ಲಿ ಎಚ್ಚರವಿಲ್ಲದವನನ್ನು, ಜನರು ಗುಸುಗುಸು ಆಡುವಂಥವನನ್ನು ತಡೆಯಬಾರದು. ದುಷ್ಟನಿಗೆ ಇನ್ನೊಂದು ಆಜ್ಞೆಯನ್ನೂ ಬಿಟ್ಟುಬಿಡು ಎಂದು ಹೇಳಲಾಗದು. ಇಂಥವನ ಆಶೀರ್ವಾದದಿಂದ ಏನು ಪ್ರಯೋಜನವೆಂದು ಬೆರಗಾಗಬೇಡಿ, ಆಶೀರ್ವದಿಸುವವನು ದೇವರು ಎಂದು ಅವರು ಸೇರಿಸುತ್ತಾರೆ. ಅರಣ್ಯಕಾಂಡ 6:27ರ ಕೊನೆಯ ಮಾತೇ ಅದಕ್ಕೆ ಆಧಾರ.

ಧಾರವಾಡದವರು ಉಣ್ಣುವುದು ಮತ್ತು ಅರ್ಪಿಸುವುದು ಎಂದು ಎರಡಾಗಿ ಬಿಡಿಸಿದ್ದನ್ನು ಓದಿ ನಾನು ಎದ್ದು ಕೂತೆ, ಏಕೆಂದರೆ ಯೆಹೂದ್ಯರ ಹಳೆಯ ಧರ್ಮವಿಧಿಗಳ ಸಂಗ್ರಹವಾದ ಮಿಷ್ನಾ ಅದನ್ನೇ ಮಾಡಿದೆ. ಐಗುಪ್ತದಲ್ಲಿ ಯೆಹೂದ್ಯ ಯಾಜಕ ಓನಿಯನು ಕಟ್ಟಿಸಿದ ಇನ್ನೊಂದು ದೇವಾಲಯವಿತ್ತು. ಅಲ್ಲಿ ಸೇವೆ ಮಾಡಿದ ಯಾಜಕರು ಯೆರೂಸಲೇಮಿನಲ್ಲಿ ಸೇವೆ ಮಾಡಬಾರದೆಂದು ಮೆನಾಹೋತ್ ಪ್ರಕರಣದ ಕೊನೆಯ ಅಧ್ಯಾಯ ವಿಧಿಸಿ, ನೀವು ತೋರಿಸಿದ 2 ಅರಸುಗಳು 23:9ನ್ನೇ ಉದ್ಧರಿಸಿ, ಅವರು ಅಂಗದೋಷವುಳ್ಳವರಂತೆ ಎನ್ನುತ್ತದೆ: ಪಾಲು ಪಡೆಯುತ್ತಾರೆ, ಉಣ್ಣುತ್ತಾರೆ, ಅರ್ಪಿಸುವುದಿಲ್ಲ.

ಕೊನೆಯದಾಗಿ, ಕಣ್ಣಾರೆ ನೋಡಬಹುದಾದ ಒಂದು ಸಂಗತಿ. ತೋರಾ ಸುರುಳಿಯಲ್ಲಿ ಒಂದು ಅಕ್ಷರ ಒಡೆದರೂ ಸುರುಳಿ ಕೆಟ್ಟಿತೆಂದೇ ಲೆಕ್ಕ. ಆದರೆ ಅರಣ್ಯಕಾಂಡ 25:12ರಲ್ಲಿ, ಫೀನೆಹಾಸನಿಗೆ ಕೊಟ್ಟ ಸಮಾಧಾನದ ಒಡಂಬಡಿಕೆ ಎಂಬಲ್ಲಿ, ಶಾಲೋಮ್ ಶಬ್ದದ ವಾವ್ ಅಕ್ಷರವನ್ನು ಲಿಪಿಕಾರರು ಬೇಕೆಂದೇ ನಡುವೆ ಸೀಳಿ ಬರೆಯುತ್ತಾರೆ. ನೆಟ್ಟಗೆ ನಿಂತ ಒಂದು ಗೀರು, ಮಧ್ಯದಲ್ಲಿ ಕೂದಲೆಳೆಯಷ್ಟು ಬಿಳಿ. ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದಿನ ಕಿದ್ದುಷೀನ್ ಪ್ರಕರಣವು ಆ ವಾವನ್ನು ತೆಗೆದು ಓದಿದರೆ ಪೂರ್ಣನಾದವನು ಎಂಬ ಅರ್ಥ ಬರುತ್ತದೆಂದೂ, ಊನವಿಲ್ಲದಿರುವಾಗಲೇ ಯಾಜಕನಿಗೆ ಸೇವೆಯೆಂದೂ ವಿವರಿಸುತ್ತದೆ. ಷರತ್ತೇ ಇಲ್ಲವೆಂದು ನೀವು ಆರಂಭದಲ್ಲಿ ಹೇಳಿದ ಆ ವಚನದಲ್ಲಿಯೇ ಆ ಸೀಳು ಇದೆ.

ಬಳ್ಳಾರಿಯ ಶಿಕ್ಷಕಿ

ಉಣ್ಣುವುದು, ಅರ್ಪಿಸುವುದು ಎಂಬ ಭೇದವನ್ನು ಒಪ್ಪುತ್ತೇನೆ. ಆದರೆ ಅದು ಎಲ್ಲವನ್ನೂ ತೀರಿಸುವುದಿಲ್ಲ. 1 ಸಮುವೇಲ 3:14ರಲ್ಲಿ ಏಲಿಯ ಮನೆಯ ಪಾಪವು ಯಜ್ಞದಿಂದಾಗಲಿ ನೈವೇದ್ಯದಿಂದಾಗಲಿ ಎಂದಿಗೂ ಪರಿಹಾರವಾಗದೆಂದು ದೇವರು ಆಣೆಯಿಡುತ್ತಾನೆ. ಅಲ್ಲಿಯೂ ಓಲಾಮ್ ಎಂಬ ಶಬ್ದವೇ ಇರಬೇಕಲ್ಲವೇ? ಆಣೆಯಿದ್ದಲ್ಲಿ ಹಿಂದೆಗೆತವಿಲ್ಲ ಎಂದು ಸೇವಕರು ಹೇಳಿದರು. ಆ ಮಾತು ಇಲ್ಲಿ ತೀರ್ಪಿಗೂ ಅನ್ವಯಿಸುತ್ತದೆ.

ಮಲಾಕಿಯ 2ನೆಯ ಅಧ್ಯಾಯವನ್ನು ನಾನು ನಿಮ್ಮ ವಾದಕ್ಕೆ ವಿರುದ್ಧವಾಗಿ ಬರೆಯಬೇಕೆಂದು ತೆಗೆದೆ. ಲೇವಿಯೊಂದಿಗಿನ ಒಡಂಬಡಿಕೆಯನ್ನು ಕೆಡಿಸಿದ್ದೀರಿ, ನಿಮ್ಮ ಹಬ್ಬಗಳ ಸಗಣಿಯನ್ನು ನಿಮ್ಮ ಮುಖಕ್ಕೆ ಎರಚುವೆನು ಎಂಬಷ್ಟು ಕಟುವಾದ ಮಾತು ಯಾಜಕರಿಗೆ ಬೇರೆಲ್ಲಿಯೂ ಬಂದಿಲ್ಲ. ಆದರೆ 4ನೆಯ ವಚನದಲ್ಲಿ ಈ ಗದರಿಕೆಗೆ ಕೊಟ್ಟ ಉದ್ದೇಶ ಬೇರೆಯೇ ಇದೆ: ಲೇವಿಯೊಡನೆ ನಾನು ಮಾಡಿದ ಒಡಂಬಡಿಕೆ ನಿಲ್ಲಬೇಕೆಂದು. ಮುಂದಿನ ಅಧ್ಯಾಯದಲ್ಲಿ ಆತನು ಅಕ್ಕಸಾಲಿಗನಂತೆ ಕೂತು ಲೇವಿಯ ಮಕ್ಕಳನ್ನು ಬೆಳ್ಳಿಬಂಗಾರದಂತೆ ಶೋಧಿಸುತ್ತಾನೆ. ಬೆಳ್ಳಿಯನ್ನು ಎಸೆಯುವವನು ಕುಲುಮೆಯ ಮುಂದೆ ಕೂರುವುದಿಲ್ಲ. ಅದನ್ನು ನಾನು ಒಪ್ಪಲೇಬೇಕು. ಆದರೆ ಏಲಿಯ ಮನೆಗೆ ಕುಲುಮೆಯಿಲ್ಲ, ಅದು ನನಗೆ ಇನ್ನೂ ಬಿಡಿಸಲಾಗದ ಗಂಟು.

ಧಾರವಾಡದ ಓದುಗ

ಅಕ್ಕನವರೇ, ಹೌದು, 3:14ರಲ್ಲಿಯೂ ಓಲಾಮ್ ಇದೆಯೆಂದು ಹೀಬ್ರೂ ಬಲ್ಲ ಸ್ನೇಹಿತರು ನನಗೆ ತಿಳಿಸಿದರು. ಆ ಗಂಟನ್ನು ನಾನೂ ಬಿಡಿಸಿದ್ದೇನೆಂದು ಹೇಳಲಾರೆ. ಯಜ್ಞದ ಮಾಂಸವನ್ನೇ ಕೊಳ್ಳೆ ಹೊಡೆದವರಿಗೆ ಯಜ್ಞದಿಂದ ಪರಿಹಾರ ಸಿಗದು ಎಂಬುದರಲ್ಲಿ ಒಂದು ನ್ಯಾಯವಿದೆ. ಅಷ್ಟು ಮಾತ್ರ ನನಗೆ ಕಾಣುತ್ತದೆ.

ಆದರೆ ಆ ದೇವರ ಮನುಷ್ಯನ ಕೊನೆಯ ಮಾತನ್ನು, 2:36ನ್ನು, ನಾನು ಮೊದಲ ಸಾರಿ ಬರೀ ಅವಮಾನವೆಂದು ಓದಿದ್ದೆ. ಏಲಿಯ ಮನೆಯಲ್ಲಿ ಉಳಿದವನು ಹೊಸ ಯಾಜಕನ ಮುಂದೆ ಅಡ್ಡಬಿದ್ದು, ನನ್ನನ್ನು ಯಾವುದಾದರೊಂದು ಯಾಜಕಸೇವೆಗೆ ಸೇರಿಸು, ರೊಟ್ಟಿಯ ತುಣುಕನ್ನಾದರೂ ತಿನ್ನುವೆನು ಎಂದು ಬೇಡುತ್ತಾನೆ. ಕೊಂಡಿ ಹಾಕಿ ಹಸಿ ಮಾಂಸ ಎಳೆದವರ ಮೊಮ್ಮಕ್ಕಳು ಬೇಡಿ ತಿನ್ನಬೇಕಾಯಿತು. ಅದು ಶಿಕ್ಷೆಯೇ. ಆದರೆ ಬೇಡುವವನು ಕೇಳುವುದು ಯಾವ ಬಾಗಿಲಲ್ಲಿ ಎಂದು ನೋಡಿದರೆ, ಅದು ಯಾಜಕರ ಪಂಕ್ತಿಯ ಬಾಗಿಲು. ಅವನಿಗೆ ಅಲ್ಲಿ ಕೇಳುವ ಹಕ್ಕು ಇನ್ನೂ ಉಳಿದಿದೆ.

ಎಬ್ಯಾತಾರನು ಹೊರಟುಹೋದ ಆ ಅನಾತೋತಿನಲ್ಲಿಯೇ ಮುನ್ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ಯಾಜಕರ ಮನೆಯೊಂದರಲ್ಲಿ ಯೆರೆಮೀಯನು ಹುಟ್ಟಿದನು. ಅವನು ಎಬ್ಯಾತಾರನ ವಂಶದವನೆಂದು ಗ್ರಂಥ ಹೇಳುವುದಿಲ್ಲ. ಆ ಊರಿನ ಯಾಜಕರಲ್ಲಿ ಒಬ್ಬನೆಂದಷ್ಟೇ ಹೇಳುತ್ತದೆ. ಶೀಲೋವಿಗೆ ಹೋಗಿ ನಾನು ಅದಕ್ಕೆ ಏನು ಮಾಡಿದೆನೆಂದು ನೋಡಿರಿ ಎಂದು ದೇವಾಲಯದ ಬಾಗಿಲಲ್ಲಿ ಕೂಗಿದವನೂ ಅವನೇ, ಪಟ್ಟಣಕ್ಕೆ ಮುತ್ತಿಗೆ ಬಿದ್ದಿರುವಾಗ ಅನಾತೋತಿನ ಹೊಲವೊಂದನ್ನು 17 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು ಕೊಂಡುಕೊಂಡವನೂ ಅವನೇ.

ನಿನ್ನೆ ಈ ಚರ್ಚೆಯ ಮುಖ್ಯ ಮಾತುಗಳನ್ನು ತಾಯಿಯವರಿಗೆ ಓದಿ ಹೇಳಿದೆ. ಅಗಸ್ಟೀನರ ಮಾತಿಗೆ ತಲೆಯಾಡಿಸಿದರು. ಮತ್ತೊಮ್ಮೆ ಸ್ನಾನದ ಮಾತನ್ನು ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೇರೆಯೇ ಒಂದು ಪ್ರಶ್ನೆ ಕೇಳಿದರು: ಇಳಿಸಿದ ಮೇಲೆ ಆ ಅಯ್ಯನವರ ಮನೆಗೆ ಯಾರಾದರೂ ಊಟಕ್ಕೆ ಕರೆಯಲು ಹೋಗಿದ್ದಾರೆಯೇ? ನಾವು ಯಾರೂ ಹೋಗಿರಲಿಲ್ಲ. ಅವರು ಈಗ ಹಾವೇರಿಯ ಕಡೆ ತಮ್ಮ ಊರಿನಲ್ಲಿದ್ದಾರೆ, ಹಿರಿಯರ ಎರಡು ಎಕರೆ ಹೊಲ ನೋಡಿಕೊಂಡಿದ್ದಾರೆಂದು ಕೇಳಿದ್ದೇನೆ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಹೊರಡುವುದೆಂದು ಮಾಡಿದ್ದೇವೆ, ಮಗಳೂ ಬರುತ್ತಾಳೆ.